ಹೊಸೂರು ಸೀಮೆಯ ಪೂರ್ವೋತ್ತರ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಊರಿನ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಹಂಪೆ, ಹಳೇಬೀಡುಗಳ ವೈಭವವನ್ನು ಪುಸ್ತಕದಲ್ಲಿ ಓದುವ ನಮ್ಮ ಮಕ್ಕಳು, ತಾವು ದಿನವೂ ನಡೆದಾಡುವ ನೆಲಕ್ಕೂ ಒಂದು ಚರಿತ್ರೆಯುಂಟೆಂಬುದನ್ನು ಅರಿಯರು. ಅದು ಅವರ ತಪ್ಪಲ್ಲ. ಹೇಳಬೇಕಾದ ಹಿರಿಯರು ನಾವು ಹೇಳಲಿಲ್ಲ.

ಹೊಸೂರು ಎಂಬುದು ಅಚ್ಚ ಕನ್ನಡದ ಹೆಸರು. ಆದರೆ ಊರು ಹೊಸದಲ್ಲ. ಪ್ರಾಚೀನ ಶಾಸನಗಳಲ್ಲಿ ಇದು ಮುರಸುನಾಡಿಗೆ ಸೇರಿದ ಸೆವಿಡಪಾಡಿ. ಬೆಟ್ಟದ ಮೇಲಿನ ಚಂದ್ರಚೂಡೇಶ್ವರನ ಸನ್ನಿಧಿಯಲ್ಲಿರುವ ತಮಿಳು ಶಾಸನಗಳು ಆ ಹಳೆಯ ಕಾಲಕ್ಕೆ ಸಾಕ್ಷಿ. ಇತ್ತ ಧರ್ಮಪುರಿಗೆ ಹೋದರೆ, ಅದು ತಗಡೂರೆಂದು ಹೆಸರಾಗಿದ್ದ 9ನೆಯ ಶತಮಾನದಲ್ಲಿ, ಮಹೇಂದ್ರ ನೊಳಂಬನ ಆಳ್ವಿಕೆಯಲ್ಲಿ, ಜಿನಬಸದಿಗೆ ಕೊಟ್ಟ ದತ್ತಿಯನ್ನು ಹೇಳುವ ಶಾಸನ ಕನ್ನಡದಲ್ಲಿದೆ. ಹೊಸೂರಿನ ಶಾಸನ ತಮಿಳು, ಅದಕ್ಕೂ ದಕ್ಷಿಣದ ಧರ್ಮಪುರಿಯ ಶಾಸನ ಕನ್ನಡ! ಇಂದಿನ ಗಡಿಯ ಅಳತೆಗೋಲಿನಿಂದ ಅಂದಿನ ನಾಡನ್ನು ಅಳೆಯಲಾಗದು.

ಹೊಯ್ಸಳರ ಕಾಲದ ಸಂಗತಿಯಂತೂ ಇನ್ನೂ ಸ್ವಾರಸ್ಯವಾದುದು. ಸೋಮೇಶ್ವರನು 1254ರ ಸುಮಾರಿನಲ್ಲಿ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದನು. ದೋರಸಮುದ್ರದ ಸೀಮೆ ಮೂರನೆಯ ನರಸಿಂಹನಿಗೆ, ತಮಿಳು ಸೀಮೆ ರಾಮನಾಥನಿಗೆ. ಪಾಂಡ್ಯರ ಒತ್ತಡದಿಂದ ಕಾವೇರಿತೀರದ ಕಣ್ಣನೂರನ್ನು ಕಳೆದುಕೊಂಡ ರಾಮನಾಥನು ಕುಂದಾಣಿಯನ್ನು ರಾಜಧಾನಿಯಾಗಿ ಮಾಡಿಕೊಂಡನು. ಆ ಕುಂದಾಣಿಯನ್ನು ವಿದ್ವಾಂಸರು ಕೃಷ್ಣಗಿರಿಯ ಬಳಿಯ ಚಿನ್ನಕೊತ್ತೂರಿನ ಸಮೀಪದಲ್ಲಿ ಗುರುತಿಸುತ್ತಾರೆ. ಅಣ್ಣತಮ್ಮಂದಿರು ಕಾದಾಡಿದರು, ಹರಿದ ರಾಜ್ಯವನ್ನು ಕೊನೆಗೆ ನರಸಿಂಹನ ಮಗ ಮೂರನೆಯ ಬಲ್ಲಾಳನು ಒಂದುಗೂಡಿಸಿದನು. ಕನ್ನಡ ವಂಶದ ಈ ರಾಮನಾಥನ ಶಾಸನಗಳು ಹೆಚ್ಚಾಗಿ ತಮಿಳಿನಲ್ಲಿವೆ. ಪ್ರಜೆಗಳಿಗೆ ತಿಳಿಯುವ ನುಡಿಯಲ್ಲಿ ಬರೆಯಿಸಿದರೆ ತನ್ನ ಕುಲಕ್ಕೆ ಕುಂದು ಬರುವುದೆಂದು ಅವನು ಎಣಿಸಲಿಲ್ಲ.

ಹಾಗಾದರೆ ಈಗಿನ ಗಡಿ ಬಂದುದು ಎಂದು? 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿ ಮೊದಲಾದ ಬಾರಾಮಹಲು ಟಿಪ್ಪು ಸುಲ್ತಾನನ ಕೈಬಿಟ್ಟು ಕಂಪನಿಗೆ ಸೇರಿತು. ಅಲ್ಲಿ ಅಲೆಗ್ಸಾಂಡರ್ ರೀಡನೂ ಅವನ ಸಹಾಯಕ ಥಾಮಸ್ ಮನ್ರೋನೂ ಹೊಲಗಳನ್ನು ಅಳೆಯಿಸಿ, ರೈತನಿಂದ ನೇರವಾಗಿ ಕಂದಾಯ ಪಡೆಯುವ ಪದ್ಧತಿಯನ್ನು ಪರೀಕ್ಷಿಸಿದರು; ಮುಂದೆ ರೈತವಾರಿಯೆಂದು ಪ್ರಸಿದ್ಧವಾದುದು ಅದೇ. ಘಟ್ಟದ ಮೇಲಿನ ಹೊಸೂರು ಮಾತ್ರ 1799ರವರೆಗೆ ಮೈಸೂರಿನದಾಗಿಯೇ ಇತ್ತು. ಟಿಪ್ಪು ಮಡಿದ ಮೇಲೆ ಆನೇಕಲ್ಲು, ಮಾಲೂರುಗಳು ಒಡೆಯರ ಮೈಸೂರಿಗೆ ಉಳಿದುವು. ಹೊಸೂರು, ಡೆಂಕಣಿಕೋಟೆಗಳು ಬಾಲಾಘಾಟವೆಂಬ ಹೆಸರಿನಿಂದ ಸೇಲಂ ಜಿಲ್ಲೆಗೆ ಸೇರಿದುವು. ಯುದ್ಧದಲ್ಲಿ ಗೆದ್ದವರು ಕಂದಾಯಕ್ಕಾಗಿ, ಕಾವಲಿಗಾಗಿ ಎಳೆದ ಗೆರೆಯದು. ಯಾರ ಮನೆಯಲ್ಲಿ ಯಾವ ಮಾತು ಎಂದು ಅವರು ಕೇಳಲಿಲ್ಲ. 1956ರಲ್ಲಿ ಭಾಷಾನುಗುಣವಾಗಿ ರಾಜ್ಯಗಳು ರಚನೆಯಾದಾಗಲೂ, ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಈ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಬಳಿಕ 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ನಂದಿಯ ಬೆಟ್ಟದಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ತನ್ನ ಹಾದಿಯನ್ನು ಬದಲಿಸಲಿಲ್ಲ.

ಈ ನೆಲದ ಮಗುವೊಂದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ರಾಜಾಜಿಯವರೇ ನಿದರ್ಶನ. 1878ರಲ್ಲಿ ಇಲ್ಲಿಯ ತೊರಪ್ಪಳ್ಳಿಯಲ್ಲಿ ಜನಿಸಿ, ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿ, 1948ರಲ್ಲಿ ಭಾರತದ ಗವರ್ನರ್ ಜನರಲ್ ಪದವಿಯನ್ನು ಅಲಂಕರಿಸಿದರು.

ಈಗ ಮನಸ್ಸಿಗೆ ನೋವಾಗುವ ಮಾತು. ರಾಯಕೋಟೆ, ಕೃಷ್ಣಗಿರಿಯ ದುರ್ಗಗಳಿಗೆ ಪುರಾತತ್ವ ಇಲಾಖೆಯ ರಕ್ಷಣೆಯುಂಟು. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತ ವೀರಗಲ್ಲುಗಳಿಗೆ ಯಾರಿದ್ದಾರೆ? ದನಗಳ ಹಿಂಡನ್ನು ಉಳಿಸಲು ಪ್ರಾಣಕೊಟ್ಟವನ ಕಲ್ಲಿಗೆ ಓದುವವರೇ ಕಾವಲು. 1970ರ ದಶಕದಿಂದ ಕಾರ್ಖಾನೆಗಳು ಬಂದುವು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ನಿವೇಶನಕ್ಕಾಗಿ ನೆಲ ಸಮಮಾಡುವ ಯಂತ್ರಕ್ಕೆ ಅಕ್ಷರ ಬಾರದು.

“ಕನ್ನಡ ಶಾಲೆಯಿಂದ ಏನು ಪ್ರಯೋಜನ?” ಎಂದು ಕೇಳುವ ತಂದೆತಾಯಿಗಳಿದ್ದಾರೆ. ಅವರ ಚಿಂತೆಯನ್ನು ನಾನು ಹಳಿಯೆನು. ಮಗುವಿನ ಅನ್ನದ ದಾರಿಯನ್ನು ಅವರು ನೋಡಲೇಬೇಕು. 2006ರ ಶಾಸನದ ಮೂಲಕ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಕಡ್ಡಾಯವಾಯಿತು. ನಮ್ಮ ಮಕ್ಕಳು ತಮಿಳನ್ನು ಚೆನ್ನಾಗಿಯೇ ಕಲಿಯಲಿ. ಅದು ನೆರೆಮನೆಯ ನುಡಿ, ಬೆಟ್ಟದ ಮೇಲಿನ ಶಾಸನದ ನುಡಿ. ಆದರೆ ಅದಕ್ಕಾಗಿ ಕನ್ನಡವನ್ನು ಬಿಡಬೇಕಾಗಿಲ್ಲ. ಎರಡು ಲಿಪಿಯನ್ನೂ ಬಲ್ಲ ಮಗುವೇ ಈ ಸೀಮೆಯ ಪೂರ್ಣ ಚರಿತ್ರೆಯನ್ನು ಓದಬಲ್ಲದು. ಒಂದನ್ನು ಬಿಟ್ಟರೆ ಅರ್ಧ ನಾಡು ಅದಕ್ಕೆ ಮೂಕವಾಗುತ್ತದೆ.

ವಿದ್ಯಾರ್ಥಿಗಳಲ್ಲಿ ನನ್ನದೊಂದೇ ಬೇಡಿಕೆ. ಈ ರಜೆಯಲ್ಲಿ ನಿಮ್ಮ ನಿಮ್ಮ ಊರಿನ ಹಳೆಯ ಕಲ್ಲುಗಳನ್ನು ಹುಡುಕಿರಿ. ಸುಣ್ಣ ಬಳಿಯಬೇಡಿರಿ, ಕೆರೆಯಬೇಡಿರಿ. ಎಲ್ಲಿದೆ, ಯಾವ ಲಿಪಿ, ಏನು ಚಿತ್ರವೆಂದು ಬರೆದು ಉಪಾಧ್ಯಾಯರಿಗೆ ಒಪ್ಪಿಸಿರಿ. ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿಯನ್ನು ಕಾಣುವ ಭಾಗ್ಯ ನಮ್ಮದಾಗಲಿ.