ಇಲಿಯ ತಲೆಯೊಳಗಿನ ಕೊಂಡಿ

ಬಾ ಮರಿ, ಇಳಕಲ್ಲಿನ ಒಂದು ಮಗ್ಗದ ಮನೆಗೆ ಹೋಗೋಣ. ಸೀರೆಯ ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನೇ ದಿಟ್ಟಿಸಿ ನೋಡು. ಒಡಲಿನ ಹಾಸೆಳೆಗಳೇ ಬೇರೆ, ಸೆರಗಿನ ರೇಷ್ಮೆ ಎಳೆಗಳೇ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ ಕೂಡಿಸುತ್ತಾರೆ. ಅದೇ ಕೊಂಡಿ. ಎಳೆ ಎಳೆಗೂ ಹೀಗೇ. ಎಷ್ಟು ತಾಳ್ಮೆ ಬೇಕು ನೋಡು!

ಇಂಥ ಕೊಂಡಿಗಳು ನಿನ್ನ ಮಿದುಳಿನಲ್ಲೂ ಇವೆ. ಅಲ್ಲಿ ಕೋಟಿ ಕೋಟಿ ಪುಟಾಣಿ ಕೋಶಗಳಿವೆ. ಎರಡು ಕೋಶಗಳ ನಡುವೆ ಕಣ್ಣಿಗೇ ಕಾಣದಷ್ಟು ಕಿರಿದಾದ ಸಂದಿ. ಒಂದು ಕೋಶ ಗ್ಲುಟಮೇಟ್ ಎಂಬ ವಸ್ತುವನ್ನು ಚಿಮ್ಮಿಸಿದರೆ, ಎದುರಿನ ಕೋಶದ ಮೈಮೇಲಿರುವ ಕುಣಿಕೆ ಅದನ್ನು ಹಿಡಿದುಕೊಳ್ಳುತ್ತದೆ. ಈ ಕುಣಿಕೆಗೆ ಗ್ರಾಹಕ ಎಂದು ಹೆಸರು. ಹೊಸದೇನನ್ನೋ ಕಲಿತಾಗ ಕೆಲವು ಕೋಶಗಳ ನಡುವಿನ ಕೊಂಡಿ ಬಿಗಿಯಾಗುತ್ತದೆ.

ಕುಣಿಕೆಯಲ್ಲಿ ಮೊದಲೇ ಬೇರೊಂದು ಎಳೆ ಸಿಕ್ಕಿಕೊಂಡಿದ್ದರೆ? ಕೆಲವು ಔಷಧಿಗಳು ಮಾಡುವುದು ಅದನ್ನೇ. ಬೇಲಿ ಬದಿಯ ಮದಗುಣಿಕೆ ಗಿಡದಲ್ಲೂ ಇಂಥ ವಸ್ತುವಿದೆ, ಅದು ಮುಚ್ಚುವುದು ಬೇರೆ ಬಗೆಯ ಗ್ರಾಹಕವನ್ನು. ಆ ಗಿಡ ವಿಷ ಕಂದಾ, ಎಲೆಯನ್ನಾಗಲಿ ಕಾಯನ್ನಾಗಲಿ ಬಾಯಿಗೆ ಹಾಕಬೇಡ.

ಹೀಗೆ ಕುಣಿಕೆ ಮುಚ್ಚಿದರೆ ಕಲಿಕೆಗೆ ಏನಾಗುತ್ತದೆ? ಅದನ್ನು ತಿಳಿಯಲು ಈಗ ಬಾದಾಮಿಯ ಅಗಸ್ತ್ಯತೀರ್ಥವೆಂಬ ಕೆರೆಯನ್ನು ನೆನೆಸಿಕೋ. ಹಸಿರು ನೀರಿನಡಿ ಒಂದು ಕಲ್ಲು ಅಡಗಿದೆ ಎಂದುಕೋ. ಅದರ ಮೇಲೆ ನಿಂತರೆ ದಣಿವಾರಿಸಿಕೊಳ್ಳಬಹುದು, ಆದರೆ ಅದು ಕಾಣುವುದಿಲ್ಲ. ಒಮ್ಮೆ ಕಾಲಿಗೆ ತಗುಲಿತೆನ್ನು. ಆಗ ನೀನು ಸುತ್ತ ನೋಡುತ್ತೀಯ: ಅತ್ತ ಭೂತನಾಥನ ಗುಡಿ, ಇತ್ತ ಗವಿಗಳ ಗುಡ್ಡ. ಮರುದಿನ ಆ ಗುರುತಿನ ಮೇಲೆ ನೆಟ್ಟಗೆ ಕಲ್ಲಿಗೇ ಈಜುತ್ತೀಯ.

ಸ್ಕಾಟ್ಲೆಂಡಿನಲ್ಲಿದ್ದ ವಿಜ್ಞಾನಿ ರಿಚರ್ಡ್ ಮೋರಿಸ್ 1981ರಲ್ಲಿ ಇಲಿಗಳಿಗೆ ಇಂಥದೇ ಒಂದು ಕೊಳ ಮಾಡಿದರು. ನೀರಿಗೆ ಹಾಲು ಬೆರೆಸಿ ಬೆಳ್ಳಗೆ ಮಾಡಿ, ಅದರಡಿ ಪುಟ್ಟ ಕಟ್ಟೆಯೊಂದನ್ನು ಬಚ್ಚಿಟ್ಟರು. ಇಲಿ ಒಳ್ಳೆಯ ಈಜುಗಾರ. ಮೊದಮೊದಲು ಸುತ್ತಾಡಿ ಸುತ್ತಾಡಿ, ಆಮೇಲೆ ಕೋಣೆಯ ಗುರುತು ಹಿಡಿದು ಸರ್ರನೆ ಕಟ್ಟೆ ಏರುತ್ತಿತ್ತು.

1986ರಲ್ಲಿ ಅವರೂ ಸಂಗಡಿಗರೂ ಕೆಲವು ಇಲಿಗಳ ಮಿದುಳಿಗೆ ಎಪಿ5 ಎಂಬ ಔಷಧಿ ಕೊಟ್ಟರು. ಅದು ಎನ್‌ಎಂಡಿಎ ಎಂಬ ಗ್ಲುಟಮೇಟ್ ಗ್ರಾಹಕದಲ್ಲಿ ಕೂತು ದಾರಿ ಕಟ್ಟುತ್ತದೆ. ಆ ಇಲಿಗಳಿಗೆ ಈಜು ಬರುತ್ತಿತ್ತು, ಕಣ್ಣೂ ಕಾಣುತ್ತಿತ್ತು. ಕಟ್ಟೆಯ ಜಾಗವನ್ನು ಕಲಿಯಲು ಮಾತ್ರ ತುಂಬ ತಿಣುಕಿದವು.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೂ ಮುಂದಿದೆ. 1989ರಲ್ಲಿ ಮೋರಿಸ್, ಕಟ್ಟೆಯ ಜಾಗವನ್ನು ಮೊದಲೇ ಚೆನ್ನಾಗಿ ಕಲಿತಿದ್ದ ಇಲಿಗಳಿಗೆ ಅದೇ ಔಷಧಿ ಕೊಟ್ಟು ನೋಡಿದರು. ಏನಾಗಿರಬಹುದು, ಊಹಿಸು! ಕೊಳಕ್ಕೆ ಬಿಟ್ಟಾಗ ಅವು ಕಟ್ಟೆ ಇರುವ ಕಡೆಗೇ ಈಜಿದವು.