ಎದಿಮಟ ನೀರು



ನಿನ್ನೆ ಸಂಜೆ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದಳು. “ಅಜ್ಜಾ, ಡೀಪ್ ಅಂದ್ರ ಆಳ. ಹಂಗಾರ ಡೀಪ್ ರೆಡ್ ಅಂದ್ರ ಆಳ ಕೆಂಪೇನು?”

“ಅಲ್ಲವ್ವಾ, ಕಡುಗೆಂಪು” ಅಂದೆ. ಹೇಳುತ್ತಾ ಹೋದಂತೆ ನನಗೇ ಹಿಗ್ಗು. ನಿದ್ದೆಯಾದರೆ ಗಾಢ, ಕಾಡಾದರೆ ದಟ್ಟ, ಉಸಿರಾದರೆ ದೀರ್ಘ. ನಮ್ಮ ಮಾನವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ತುಂಬಿಟ್ಟ ತತ್ತ್ವ ಗಹನ. ಸಾಲಕ್ಕಂತೂ ಬೇರೆ ಪದವೇ ಬೇಡ, “ಸಾಲದಾಗ ಮುಳುಗ್ಯಾನ” ಅಂದರೆ ಸಾಕು.

ಆಳ ಎಂಬುದನ್ನು ನಾವು ಹೆಚ್ಚಾಗಿ ನೀರಿಗೆ, ನೆಲಕ್ಕೆ, ಮನಸ್ಸಿಗೆ ಇಟ್ಟುಕೊಂಡಿದ್ದೇವೆ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ನಡುವೆ ನಾವು. ದೇವದುರ್ಗದ ಕಡೆಯ ಹೊಳೆದಂಡೆಯಲ್ಲಿ, ಮಾನವಿಯ ಹಳ್ಳಗಳಲ್ಲಿ ಹಿರಿಯರು ನೀರನ್ನು ಅಡಿಗಳಲ್ಲಿ ಅಳೆದವರಲ್ಲ, ಮೈಯಿಂದ ಅಳೆದವರು. ಮೊಣಕಾಲಮಟ, ಸೊಂಟಮಟ, ಎದಿಮಟ. ಅದರಾಚೆ ಆಳುದ್ದ, ಎರಡಾಳುದ್ದ. ಸಣ್ಣವನಿದ್ದಾಗ ಹಳ್ಳ ಬಂದ ದಿನ ಅಪ್ಪ ಮೊದಲು ಕೋಲು ಊರುತ್ತಿದ್ದರು, ಆಮೇಲೆ ಕಾಲು. ಧೋತರ ಮೇಲೆ ಕಟ್ಟಿ ನಾಲ್ಕು ಹೆಜ್ಜೆ ಒಳಗೆ ಹೋಗಿ, ತಿರುಗಿ ಬಂದು, “ಎದಿಮಟ ಐತಿ, ಹೆಗಲ ಮ್ಯಾಲ ಕೂಡು” ಅನ್ನುತ್ತಿದ್ದರು. ತಾವು ನಿಂತು ನೋಡದ ನೀರಿಗೆ ನನ್ನನ್ನು ಇಳಿಸಲಿಲ್ಲ. ಮನುಷ್ಯರ ವಿಷಯದಲ್ಲೂ ಇದೇ ಮಾತು: “ಅವ ನಿನ್ನ ಆಳ ನೋಡಾಕತ್ಯಾನ.”

ಈಗ ಆಳವೆಂದರೆ ಬೋರು. “ಎಷ್ಟು ಅಡಿಗೆ ನೀರು ಬಿತ್ತು?” ಇದೇ ಎಲ್ಲರ ಮೊದಲ ಪ್ರಶ್ನೆ. ಮುನ್ನೂರೋ ನಾನೂರೋ, ಅಂಕಿ ಹೇಳುತ್ತೇವೆ. ಆದರೆ ಆ ಆಳಕ್ಕೆ ಯಾರ ಕಾಲೂ ಇಳಿಯದು. ನಮ್ಮ ಜಿಲ್ಲೆಯ ಎಷ್ಟೋ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಒಳಗಿನ ಕಲ್ಲುಬಂಡೆಯಿಂದ ಕರಗಿ ಬರುವ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಅದಕ್ಕೂ ಹೆಚ್ಚಾದರೆ ದೊಡ್ಡವರ ಎಲುಬು, ಕೀಲು ಬಿಗಿಯುತ್ತವೆ.

ಅಪ್ಪನ ಕೋಲಿನ ಕೆಲಸವನ್ನು ಈಗ ಪ್ರಯೋಗಾಲಯ ಮಾಡಬೇಕು. ಹೊಸ ಬೋರು ಹಾಕಿಸಿದವರೇ, ದಯವಿಟ್ಟು ಒಂದು ಬಾಟಲಿ ನೀರು ಕೊಟ್ಟು ಮೊದಲು ಪರೀಕ್ಷೆ ಮಾಡಿಸಿರಿ. ಆಮೇಲೆ ಮಕ್ಕಳಿಗೆ ಕುಡಿಸಿರಿ.