ಮೊದಲು ನೀವು, ಆಮೇಲೆ ನಾವು



1999ರ ಸೆಪ್ಟೆಂಬರ್ 23. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಮರೆಗೆ ಸರಿಯಿತು. ಮತ್ತೆ ಅದರಿಂದ ಸಿಗ್ನಲ್ ಬರಲೇ ಇಲ್ಲ. ಸುಮಾರು 12.5 ಕೋಟಿ ಡಾಲರ್‌ನ ನೌಕೆ! ಕಾರಣ ಏನು ಗೊತ್ತಾ? ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಾಫ್ಟ್‌ವೇರ್ ಎಂಜಿನ್‌ಗಳ ಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು. ನಾಸಾ ಅದನ್ನು ನ್ಯೂಟನ್ ಅಂತ ಓದಿಕೊಂಡಿತು. ಒಂದು ಪೌಂಡ್ ಬಲ ಅಂದ್ರೆ ಸುಮಾರು 4.45 ನ್ಯೂಟನ್. ಅಷ್ಟು ವ್ಯತ್ಯಾಸ!

ಉತ್ತರ ಸರಿಯಿದ್ದರೂ ಯೂನಿಟ್ ಬರೆಯದಿದ್ದರೆ ಮಾರ್ಕ್ಸ್ ಇಲ್ಲ ಅಂತ ಇಂಜಿನಿಯರಿಂಗ್ ಕಾಲೇಜಲ್ಲಿ ನಮ್ಮ ಮೇಷ್ಟ್ರು ಹೇಳ್ತಿದ್ರು. ಯಾಕೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ?

ಹಾಗಾದ್ರೆ ಅಮೆರಿಕ ಯಾಕೆ ಬದಲಾಗಲಿಲ್ಲ? ಅಲ್ಲಿ ಮೆಟ್ರಿಕ್ ಪದ್ಧತಿಗೆ 1866ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿದೆ. ಇವತ್ತು ಇಂಚು ಅಂದ್ರೇನೇ 25.4 ಮಿಲಿಮೀಟರ್ ಎಂಬ ವ್ಯಾಖ್ಯೆ ಇದೆ. ಅಡ್ಡ ನಿಂತದ್ದು ಕಾರ್ಖಾನೆ. 1904ರಲ್ಲಿ ಫ್ರೆಡರಿಕ್ ಹ್ಯಾಲ್ಸಿ ಎಂಬ ಮೆಕ್ಯಾನಿಕಲ್ ಇಂಜಿನಿಯರ್ ಮೆಟ್ರಿಕ್ ವಿರುದ್ಧ ಪುಸ್ತಕವನ್ನೇ ಬರೆದರು.

ಕಾರ್ಖಾನೆಯವರು ಮೂರ್ಖರಲ್ಲ ಸ್ವಾಮಿ. ಅವರ ಲೆಕ್ಕ ನೋಡಿ. ಲೇತ್ ಇಂಚಿನದು. ಡೈ, ಟ್ಯಾಪ್, ಗೇಜ್, ಸ್ಪ್ಯಾನರ್ ಇಂಚಿನವು. ಸಾವಿರಾರು ಡ್ರಾಯಿಂಗ್ ಇಂಚಿನವು. ಹಳೇ ಮಷೀನಿಗೆ ಸ್ಪೇರ್ ಬೇಕು, ಅಂದರೆ ಎರಡೂ ಅಳತೆಯ ಬೋಲ್ಟ್ ಸ್ಟಾಕ್ ಇಡಬೇಕು. ಖರ್ಚು ಇವತ್ತು, ಅದೂ ನನ್ನ ಜೇಬಿಂದ. ಲಾಭ ನಾಳೆ, ಎಲ್ಲರಿಗೂ. ಹಾಗಿದ್ದಾಗ ಯಾರು ಮೊದಲು ಹೆಜ್ಜೆ ಇಡ್ತಾರೆ?

1975ರಲ್ಲಿ ಅಮೆರಿಕ ಮೆಟ್ರಿಕ್ ಪರಿವರ್ತನೆ ಕಾಯ್ದೆ ಮಾಡಿತು. ಆದರೆ ಅದರಲ್ಲಿ ಗಡುವು ಇರಲಿಲ್ಲ, ಕಡ್ಡಾಯವೂ ಇರಲಿಲ್ಲ. ಇಷ್ಟವಿದ್ದರೆ ಬದಲಾಗಿ ಅಂತ! ಎಲ್ಲರೂ ಪಕ್ಕದವನ ಮುಖ ನೋಡಿದರು. 1982ರಲ್ಲಿ ರೇಗನ್ ಸರ್ಕಾರ ಮೆಟ್ರಿಕ್ ಮಂಡಳಿಯನ್ನೇ ಮುಚ್ಚಿತು. ಅದೇ ದೇಶದಲ್ಲಿ ವೈನ್, ವಿಸ್ಕಿ ಬಾಟಲಿಗೆ ಮಾತ್ರ ಮೆಟ್ರಿಕ್ ಅಳತೆ ಕಡ್ಡಾಯ ಮಾಡಿದರು. ಬಾಟಲಿ ಬದಲಾಯ್ತು, ಕುಡಿಯುವವರು ಯಾರೂ ಗಲಾಟೆ ಮಾಡಲಿಲ್ಲ!

ಈಗ ನಮ್ಮ ಕಡೆ ಬನ್ನಿ. 1956ರಲ್ಲಿ ನಮ್ಮ ಸಂಸತ್ತು ತೂಕ ಮತ್ತು ಅಳತೆ ಕಾಯ್ದೆ ತಂದಿತು. 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಜಾರಿಗೆ ಬಂತು. ಸೇರು, ಮಣ, ತೊಲ ಬಳಸುತ್ತಿದ್ದ ದೇಶ ಅದು. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದುತ್ತಿರಲಿಲ್ಲ. ಬಡ ದೇಶ, ಓದು ಬಾರದ ಕೋಟ್ಯಂತರ ಜನ. ಆದರೂ ಅಂಗಡಿಯ ತಕ್ಕಡಿಗೆ ಕಿಲೋ ಬಂತು. ಯಾಕೆ? ತಾರೀಕು ಇತ್ತು, ಕಡ್ಡಾಯ ಇತ್ತು, ಎಲ್ಲರೂ ಒಟ್ಟಿಗೆ ಬದಲಾಗಬೇಕಿತ್ತು.

ಪೂರ್ತಿ ಆಗಿದೆಯಾ ಅಂತ ಕೇಳಿದ್ರೆ, ಇಲ್ಲ. ಬೆಂಗಳೂರಲ್ಲಿ ಸೈಟು ಅಂದ್ರೆ ಇವತ್ತಿಗೂ ಮೂವತ್ತು-ನಲವತ್ತು ಅಡಿ. ಪ್ಲಂಬರ್ ಕೇಳೋದು ಅರ್ಧ ಇಂಚಿನ ಪೈಪು. ಸೈಟು ಅಡಿಯಲ್ಲಿ, ಪತ್ರ ಚದರ ಮೀಟರಲ್ಲಿ ಅಂದಾಗ ಗುಣಾಕಾರ ಗೊತ್ತಿಲ್ಲದವನೇ ಮೋಸ ಹೋಗೋದು.

ಹಳೇ ಅಳತೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅಪಾಯ ಇರೋದು ಎರಡೂ ಒಟ್ಟಿಗೆ ನಡೆದಾಗ. ಎಲ್ಲರಿಗೂ ಒಳ್ಳೆಯದಾಗುವ ಬದಲಾವಣೆಯನ್ನು ಒಬ್ಬೊಬ್ಬರ ಇಷ್ಟಕ್ಕೆ ಬಿಟ್ಟರೆ ಅದು ಆಗೋದಿಲ್ಲ. ಸರ್ಕಾರ ತಾರೀಕು ಹೇಳಬೇಕು. ಸಣ್ಣ ವರ್ಕ್‌ಶಾಪಿನವನಿಗೆ ಹೊಸ ಗೇಜು ಕೊಳ್ಳಲು ಕೈ ಹಿಡಿಯಬೇಕು. ಎರಡೂ ಮಾಡದೆ ಕಾರ್ಖಾನೆಯವರನ್ನು ಬೈದು ಪ್ರಯೋಜನವಿಲ್ಲ.